ಮದುವೆ ಮನೇಲಿ ದಿನಕ್ಕೊಂದು ಗಂಟೆ: ಸೀರೆ ಕುಚ್ಚು, ಅವರೆಕಾಯಿ ಮತ್ತು ಅಜ್ಜಿಯ ಸೋಬಾನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತಿದ್ದೀರಾ? ಹಾಗಾದ್ರೆ ಮೊದಲು ಒಂದು ಪ್ರಶ್ನೆ. ನಿಮ್ಮ ಮನೇಲಿ ಯಾರದ್ದಾದ್ರೂ ಮದುವೆ ಗೊತ್ತಾಗಿದೆಯಾ? ಗೊತ್ತಾಗಿದ್ರೆ, ಮನೆ ಈಗ ಮನೆ ಥರ ಇದೆಯಾ, ಇಲ್ಲ ಆಫೀಸ್ ಥರ ಆಗಿದೆಯಾ?

ನಿಶ್ಚಿತಾರ್ಥ ಮುಗಿದ ದಿನದಿಂದ ಧಾರೆ ಆಗೋವರೆಗಿನ ತಿಂಗಳುಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಫೋಟೋ ಇರೋದು ಎರಡು ದಿನದ್ದು. ಆದ್ರೆ ಬದುಕೋದು ನಡುವಿನ ತೊಂಬತ್ತು ದಿನಗಳನ್ನ. ಇವತ್ತಿನ ಸಂಚಿಕೆ ಆ ತೊಂಬತ್ತು ದಿನಗಳದ್ದು. ಅದರಲ್ಲಿ ದಿನಕ್ಕೊಂದು ಗಂಟೆ ಕೈಕೆಲಸಕ್ಕೆ ಎತ್ತಿಟ್ಟರೆ ಏನಾಗುತ್ತೆ, ಏನಾಗಲ್ಲ, ಎರಡನ್ನೂ ಹೇಳ್ತೀನಿ.

ಊರು ಕನಕಪುರದ ಕಡೆ. ನಮ್ಮ ಜಿಲ್ಲೆ 2007ರಲ್ಲಿ ರಾಮನಗರ ಅಂತ ಹುಟ್ಟಿತು, 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿತು. ಹೆಸರು ಏನೇ ಆಗಲಿ, ರಾಮನಗರದ ರೇಷ್ಮೆ, ಚನ್ನಪಟ್ಟಣದ ಗೊಂಬೆ, ಮಾಗಡಿಯ ಅವರೆ ಎಲ್ಲಿಗೂ ಹೋಗಿಲ್ಲ. ಇವತ್ತಿನ ಕಥೆಗೆ ಮೂರೂ ಬೇಕು.

ಜಗಳ ಶುರುವಾಗಿದ್ದು ಪಟ್ಟಿಯಿಂದ

ನಮ್ಮಕ್ಕನಿಗೆ ಕಾರ್ತಿಕದಲ್ಲಿ ನಿಶ್ಚಿತಾರ್ಥ ಆಯ್ತು. ಆಮೇಲೆ ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ನಮ್ಮ ಕಡೆ ಮದುವೆ ಮಾಡಲ್ಲ. ಅದು ಕಳೆದು ಫೆಬ್ರವರಿಗೆ ಮುಹೂರ್ತ ಸಿಕ್ತು. ಅಷ್ಟರೊಳಗೆ ಛತ್ರ, ಅಡುಗೆಯವರು, ಲಗ್ನಪತ್ರಿಕೆ, ಜವಳಿ, ಒಡವೆ, ಬೀಗರೂಟ ಎಲ್ಲ ಆಗ್ಬೇಕು.

ಎರಡನೇ ವಾರಕ್ಕೇ ಮನೇಲಿ ಬೇರೆ ಮಾತೇ ಇರಲಿಲ್ಲ. ಊಟಕ್ಕೆ ಕೂತ್ರೆ ಪತ್ರಿಕೆ ಯಾರ್ಯಾರಿಗೆ ಅನ್ನೋ ಪಟ್ಟಿ. ಟೀ ಕುಡಿಯೋವಾಗ ಖರ್ಚಿನ ಪಟ್ಟಿ. ಅಪ್ಪ ಎಂಟುನೂರು ಜನ ಅಂದ್ರು, ಅಕ್ಕ ಮುನ್ನೂರು ಸಾಕು ಅಂದ್ಲು. "ನಾನು ಎಲ್ಲರ ಮದುವೆಗೂ ಹೋಗಿ ಮುಯ್ಯಿ ಮಾಡಿದ್ದೀನಿ, ಈಗ ಕರೀದೆ ಇದ್ರೆ ನಾಲ್ಕು ಜನ ಏನಂತಾರವ್ವ" ಅಂತ ಅಪ್ಪ. "ಆ ಸಾಲ ತೀರಿಸೋರು ಯಾರಪ್ಪ" ಅಂತ ಅಕ್ಕ. ಒಂದು ರಾತ್ರಿ ಅಕ್ಕ ತಟ್ಟೆ ಬಿಟ್ಟು ಎದ್ದು, "ಹಿಂಗಾದ್ರೆ ಮದುವೇನೇ ಬೇಡ ಬಿಡಿ" ಅಂದುಬಿಟ್ಲು. ಅವ್ವ ಏನೂ ಮಾತಾಡಲಿಲ್ಲ. ಪಾತ್ರೆ ತೊಳೀತಾ ಅಳ್ತಿದ್ರು. ನಾನು ನೋಡಿದೆ.

ಮಾರನೇ ದಿನ ಅಜ್ಜಿ ಒಂದು ಮಾತು ಹೇಳಿದ್ರು. "ಸಂಜೆ ಏಳರಿಂದ ಎಂಟು, ಯಾರೂ ಮದುವೆ ಸುದ್ದಿ ಎತ್ತಬೇಡಿ. ಕೈಗೇನಾದ್ರೂ ಕೆಲಸ ಕೊಡಿ."

ಕೈಗೆ ಮೊದಲು ಬಂದದ್ದು ಅವರೆಕಾಯಿ

ಅದು ಅವರೆ ಕಾಲ. ಚಳಿ ಶುರುವಾದ್ರೆ ಮಾಗಡಿ ಕಡೆಯ ಅವರೆಕಾಯಿ ಮೂಟೆಗಟ್ಟಲೆ ಬೆಂಗಳೂರಿಗೆ ಹೋಗುತ್ತೆ, ಸುತ್ತಲಿನ ಊರಿಗೂ ಬರುತ್ತೆ. ಕಾಯಿ ಸುಲಿದು, ಕಾಳನ್ನ ನೀರಲ್ಲಿ ನೆನೆಸಿ, ಒಂದೊಂದೇ ಕಾಳನ್ನ ಎರಡು ಬೆರಳಲ್ಲಿ ಹಿತುಕಿದ್ರೆ ಸಿಪ್ಪೆ ಬಿಟ್ಟು ಬೇಳೆ ಪುಳಕ್ಕಂತ ಹೊರಗೆ ಬರುತ್ತೆ. ಅದೇ ಹಿತಕಿದ ಬೇಳೆ. ಒಬ್ಬರೇ ಕೂತು ಮಾಡಿದ್ರೆ ಬೇಜಾರಿನ ಕೆಲಸ. ಐದು ಜನ ಸುತ್ತ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಕೈಕೆಲಸದ ಗುಟ್ಟು ಇಲ್ಲೇ ಇದೆ ನೋಡಿ. ಕಣ್ಣು ಕಾಳಿನ ಮೇಲೆ ಇರೋದ್ರಿಂದ ಎದುರಿಗಿರೋರ ಮುಖ ನೋಡಿ ಮಾತಾಡ್ಬೇಕಾಗಿಲ್ಲ. ಮಾತು ನಿಂತ್ರೂ ಮುಜುಗರ ಇಲ್ಲ, ಕೆಲಸ ನಡೀತಾನೇ ಇರುತ್ತೆ. ಫೋನ್ ಹಿಡಿಯೋಕೆ ಕೈ ಖಾಲಿ ಇರಲ್ಲ. ಮೂರು ದಿನದಿಂದ ಮಾತು ಬಿಟ್ಟಿದ್ದ ಅಪ್ಪ ಮತ್ತು ಅಕ್ಕ ಅವತ್ತು ಒಂದೇ ಮೊರದಿಂದ ಕಾಳು ತಗೊಂಡ್ರು.

ಅವರೆ ಎಷ್ಟು ದಿನ ಹಿತುಕೋದು? ಆಗ ಅಕ್ಕ ಕೇಳಿದ್ಲು, ಕುಚ್ಚು ಕಲಿಯೋಣವಾ?

ಸೀರೆ ಕುಚ್ಚು: ಒಂದು ಸಣ್ಣ ಲೆಕ್ಕ

ಕುಚ್ಚು ಅಂದ್ರೆ ಸೀರೆ ಸೆರಗಿನ ತುದೀಲಿ ಸಾಲಾಗಿ ನೇತಾಡೋ ದಾರದ ಗೊಂಡೆ. ಈಗ ಮಣಿ ಕುಚ್ಚು, ಕ್ರೋಶಾ ಕುಚ್ಚು ಅಂತ ಬಗೆ ಬಗೆ ಇವೆ. ಹೊಸಬರಿಗೆ ಸಾದಾ ಕುಚ್ಚೇ ಸರಿ.

ಸೀರೆಯ ಅಗಲ ಸುಮಾರು 45 ಇಂಚು. ಇಂಚಿಗೊಂದು ಅಂದ್ರೆ ಸುಮಾರು 45 ಕುಚ್ಚು. ಹೊಸ ಕೈಗೆ ಒಂದಕ್ಕೆ ನಾಲ್ಕು ನಿಮಿಷ ಅಂದುಕೊಳ್ಳಿ, ಒಟ್ಟು ಮೂರು ಗಂಟೆ. ದಿನಕ್ಕೆ ಅರ್ಧ ಗಂಟೆ ಕೂತ್ರೂ ಆರು ದಿನಕ್ಕೆ ಒಂದು ಸೀರೆ ಮುಗಿಯುತ್ತೆ. ಅರ್ಧ ಇಂಚಿಗೊಂದು ಹಾಕಿದ್ರೆ ಕೆಲಸ ಎರಡರಷ್ಟು.

ಮಾಡೋದು ಹೀಗೆ. ಸೆರಗಿನ ಅಂಚನ್ನ ಮಡಿಸಿ ಹೊಲಿದು ಎಳೆ ಬಿಡದ ಹಾಗೆ ಮಾಡಿಕೊಳ್ಳಿ. ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಇಂಚಿಗೊಂದು ಗುರುತು ಹಾಕಿ. ಇಪ್ಪತ್ತರಿಂದ ಇಪ್ಪತ್ತೈದು ಎಳೆ ದಾರ ಸೇರಿಸಿ, ದಪ್ಪ ಕಣ್ಣಿನ ಸೂಜಿಯಿಂದ ಗುರುತಿನ ಜಾಗದಲ್ಲಿ ತೂರಿಸಿ, ಎರಡು ಕಡೆಗೂ ಸಮ ಬರೋ ಹಾಗೆ ಎಳೆಯಿರಿ. ಮಣಿ ಬೇಕಿದ್ರೆ ಈಗಲೇ ಪೋಣಿಸಿ. ಆಮೇಲೆ ಕುತ್ತಿಗೆ ಭಾಗಕ್ಕೆ ಜರಿ ದಾರವನ್ನ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಎಲ್ಲ ಮುಗಿದ ಮೇಲೆ ಸ್ಕೇಲ್ ಇಟ್ಟು ತುದಿಗಳನ್ನ ಒಂದೇ ಸಮ ಕತ್ತರಿಸಿ. ಒಂದೊಂದೇ ಕತ್ತರಿಸ್ತಾ ಹೋದ್ರೆ ಸಾಲು ಡೊಂಕಾಗುತ್ತೆ. ಇದು ನನ್ನ ಅನುಭವ, ದಯವಿಟ್ಟು ನಂಬಿ.

ಇನ್ನೊಂದು ಎಚ್ಚರಿಕೆ. ಧಾರೆ ಸೀರೆ ಮೇಲೆ ಕಲಿಯೋಕೆ ಹೋಗ್ಬೇಡಿ. ನಾವು ಅವ್ವನ ಹಳೇ ಸೀರೆ ಮೇಲೆ ಶುರು ಮಾಡಿದ್ವಿ. ಮೊದಲ ಸಲ ಒಗೆದಾಗ ಮರೂನ್ ದಾರದ ಬಣ್ಣ ಇಳಿದು ಸೆರಗೆಲ್ಲ ಕಲೆ ಆಯ್ತು. ಹೊಸ ಸೀರೆ ಆಗಿದ್ರೆ? ಹಾಗಾಗಿ ದಾರ ತಂದ ಕೂಡಲೇ ಒಂದು ತುಂಡನ್ನ ಒದ್ದೆ ಬಿಳಿ ಬಟ್ಟೇಲಿ ಸುತ್ತಿ ಅರ್ಧ ಗಂಟೆ ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಿದ್ರೆ ಆ ದಾರ ಬೇಡ.

ಅದು ನಿಜವಾಗ್ಲೂ ರೇಷ್ಮೆನಾ?

ಇಲ್ಲಿ ನನಗೆ ಆಶ್ಚರ್ಯ ಆದ ವಿಷಯ. ಅಂಗಡೀಲಿ "ಸಿಲ್ಕ್ ಥ್ರೆಡ್" ಅಂತ ಸಿಗೋ ಹೊಳೆಯೋ ದಾರ ಎಷ್ಟೋ ಸಲ ರೇಷ್ಮೆ ಅಲ್ಲ, ರೇಯಾನ್. ಕುಚ್ಚಿಗೆ ಅದು ತಪ್ಪೇನಲ್ಲ, ಗಟ್ಟಿಯಾಗಿಯೇ ಇರುತ್ತೆ. ಆದ್ರೆ ರೇಷ್ಮೆ ಅಂತ ದುಡ್ಡು ಕೊಡ್ತಿದ್ದರೆ ಗೊತ್ತಿರಬೇಕು. ಸಣ್ಣ ಎಳೆಯನ್ನ ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ. ನಿಜವಾದ ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಉಳಿಯೋ ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ರೇಯಾನ್ ಆದ್ರೆ ಕಾಗದ ಸುಟ್ಟ ವಾಸನೆ. ಕಾರಣ ಸರಳ: ರೇಷ್ಮೆ ಕೂದಲಿನ ಹಾಗೆ ಪ್ರೋಟೀನು, ರೇಯಾನ್ ಮರದ ನಾರಿನಿಂದ ಬಂದದ್ದು.

ಇದನ್ನ ನೋಡಿದ ಅವ್ವ ನಕ್ಕರು. ರೇಷ್ಮೆ ಸಾಕೋ ಮನೆಯವರಿಗೇ ರೇಷ್ಮೆ ದಾರದ ಪರೀಕ್ಷೆ! ಹುಳ ಮನೆಯ ಲೆಕ್ಕ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ. ಹುಳು ನಾಲ್ಕು ಸಲ ಪೊರೆ ಬಿಡುತ್ತೆ, ನಮ್ಮ ಕಡೆ ಅದನ್ನ ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳುವಿನ ಹಸಿವು ಹೇಳತೀರದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ಒಂದೇ ವಾರಕ್ಕೆ ಖರ್ಚಾಗುತ್ತೆ. ಆ ವಾರ ಮನೆಯವರು ಯಾರ ಮದುವೆಗೂ ಹೋಗೋಕಾಗಲ್ಲ. ಹಣ್ಣಾದ ಹುಳು ಚಂದ್ರಂಕಿ ಹತ್ತಿ ಗೂಡು ಕಟ್ಟಿದ ಮೇಲೆ ರಾಮನಗರದ ಮಾರುಕಟ್ಟೆಗೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ಆ ಗೂಡಿನ ಮಾರುಕಟ್ಟೇಲಿ ರೀಲರ್‌ಗಳು ಹರಾಜು ಕೂಗೋ ಬೆಲೆಯ ಮೇಲೇ ಎಷ್ಟೋ ಮನೆಗಳ ಮದುವೆ ಖರ್ಚು ನಿಂತಿರುತ್ತೆ. ನಮ್ಮ ಮನೇದೂ.

ಅಪ್ಪ ಆ ಸಂಜೆ ಕುಚ್ಚಿಗೆ ದಾರ ಎಣಿಸ್ತಾ ಮೊದಲ ಸಲ ಬಾಯಿಬಿಟ್ಟು ಹೇಳಿದ್ರು: ಹಿಂದಿನ ಬೆಳೆಗೆ ಅಂದುಕೊಂಡಷ್ಟು ಬೆಲೆ ಸಿಕ್ಕಿರಲಿಲ್ಲ. ಎಂಟುನೂರು ಜನ ಅಂತ ಹಟ ಹಿಡಿದಿದ್ದೋರೇ, "ನಾನೂರಕ್ಕೆ ಇಳಿಸೋಣ" ಅಂದ್ರು. ಅದು ಮದುವೆ ಸುದ್ದಿ, ನಿಯಮ ಮುರಿದ ಹಾಗೆ. ಅಜ್ಜಿ ಸುಮ್ಮನಿದ್ರು.

ಮಣಿ ಚನ್ನಪಟ್ಟಣದ್ದು

ಎರಡನೇ ಸೀರೆಗೆ ಮಣಿ ಬೇಕಾಯ್ತು. ಪ್ಲಾಸ್ಟಿಕ್ ಮಣಿ ಬೇಡ ಅಂತ ಚನ್ನಪಟ್ಟಣದ ಮರದ ಮಣಿ ತಂದ್ವಿ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇರೋದು ನಿಮಗೆ ಗೊತ್ತು. ಬಣ್ಣ ಹೇಗೆ ಹತ್ತುತ್ತೆ ಅಂತ ಗೊತ್ತಾ? ಆಲೆ ಮರದ ತುಂಡು ಲೇತ್ ಮೇಲೆ ತಿರುಗ್ತಾ ಇರುತ್ತೆ. ಬಣ್ಣ ಸೇರಿಸಿದ ಅರಗಿನ ಕಡ್ಡೀನ ಅದಕ್ಕೆ ಒತ್ತಿ ಹಿಡೀತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡ್ತಾರೆ. ಬ್ರಷ್‌ಗೆ ಕೆಲಸವೇ ಇಲ್ಲ.

ಬಿಸಿಗೆ ಕರಗಿ ಹತ್ತಿದ ಬಣ್ಣ ಅಲ್ವಾ, ಹಾಗಾಗಿ ಮಣಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡಬೇಡಿ. ಕುಂಕುಮದ ಭರಣಿಯನ್ನೋ ಸಣ್ಣ ಗೊಂಬೆಯನ್ನೋ ತಾಂಬೂಲದ ಜೊತೆ ಕೊಡೋ ಆಸೆ ಇದ್ರೆ ಮದುವೆಗೆ ಎರಡು ತಿಂಗಳು ಮೊದಲೇ ಹೇಳಿಡಿ. ಒಂದೊಂದೂ ಕೈಯಿಂದಲೇ ಆಗ್ಬೇಕು, ಕೊನೇ ವಾರ ಹೋಗಿ ನಾನೂರು ಕೇಳಿದ್ರೆ ಅವರಿಗೂ ಕಷ್ಟ.

ಅಜ್ಜಿಯ ದನಿ ಫೋನಿಗೆ

ಕುಚ್ಚು ಕಟ್ತಾ ಕೂತಿದ್ದಾಗ ಒಂದಿನ ಅಜ್ಜಿ ತಮ್ಮಷ್ಟಕ್ಕೆ ತಾವೇ ಸೋಬಾನೆ ಪದ ಹೇಳೋಕೆ ಶುರು ಮಾಡಿದ್ರು. ನಾನು ಅದನ್ನ ಕೇಳಿ ಹತ್ತು ವರ್ಷ ಆಗಿತ್ತು. ಅರ್ಧಕ್ಕೆ ನಿಂತು, "ಮುಂದಿಂದು ಮರೆತೋಯ್ತು ಕಣೋ" ಅಂದ್ರು. ಎದೆ ಧಸಕ್ಕಂತು. ಅವರು ಮರೆತ್ರೆ ನಮ್ಮ ಮನೇಲಿ ಇನ್ಯಾರಿಗೂ ಬರಲ್ಲ.

ಅವತ್ತಿಂದ ನನ್ನ ಹವ್ಯಾಸ ರೆಕಾರ್ಡಿಂಗ್. ದುಬಾರಿ ಮೈಕ್ ಏನೂ ಬೇಡ. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆಫ್ ಮಾಡಿ, ಹಾಡೋರಿಂದ ಒಂದು ಗೇಣು ದೂರದಲ್ಲಿ ಬಟ್ಟೆ ಮೇಲೆ ಇಡಿ. ಶುರುವಲ್ಲೇ ಹೆಸರು, ಊರು, ತಾರೀಕು ಹೇಳಿಸಿ. ಯಾವ ಶಾಸ್ತ್ರಕ್ಕೆ ಹೇಳೋ ಪದ ಅಂತ ಕೇಳಿ: ಅರಿಶಿನಕ್ಕಾ, ಬಳೆ ತೊಡಿಸೋವಾಗಲಾ, ಹೆಣ್ಣು ಒಪ್ಪಿಸೋವಾಗಲಾ. ಫೈಲನ್ನ ಎರಡು ಕಡೆ ಇಡಿ. ರೀಲ್ಸ್‌ಗೆ ಹಾಕೋ ಮೊದಲು ಅಜ್ಜಿಯನ್ನ ಕೇಳಿ. ಅವರ ದನಿ ಅವರದ್ದು.

ಇದು ದೊಡ್ಡ ವಿಷಯ ಯಾಕೆ ಅಂದ್ರೆ, ಇಂಥ ಪದಗಳು ಉಳಿದಿರೋದೇ ಯಾರೋ ಕೂತು ಕೇಳಿ ಬರೆದುಕೊಂಡಿದ್ದರಿಂದ. ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ರಸ್ತೇಲಿರೋ ಜಾನಪದ ಲೋಕವನ್ನ ಕಟ್ಟಿದ ಎಚ್.ಎಲ್. ನಾಗೇಗೌಡರು ಮಾಡಿದ್ದು ಅದನ್ನೇ. ಅಧಿಕಾರಿಯಾಗಿದ್ದೋರು, ಹಳ್ಳಿಗಳ ಹಾಡು, ಕಥೆ, ವಸ್ತು ಎಲ್ಲ ಸಂಗ್ರಹಿಸಿದ್ರು. ಇವತ್ತು ಆ ಸಾಧನ ನಿಮ್ಮ ಜೇಬಲ್ಲೇ ಇದೆ.

ಏನಾಗಲ್ಲ ಅನ್ನೋದನ್ನೂ ಹೇಳ್ಬೇಕು

ಕುಚ್ಚು ಕಟ್ಟಿದ್ರೆ ಸಾಲ ತೀರಲ್ಲ. ಬೀಗರ ಜೊತೆಗಿನ ಭಿನ್ನಾಭಿಪ್ರಾಯ ಕರಗಲ್ಲ. ಅದಕ್ಕೆ ನೇರ ಮಾತೇ ಬೇಕು. ಆದ್ರೆ ನೇರವಾಗಿ ಮಾತಾಡೋ ಧೈರ್ಯ ಬರೋಕೆ ಮೊದಲು ಒಟ್ಟಿಗೆ ಕೂರಬೇಕು. ಆ ಗಂಟೆ ಕೊಟ್ಟಿದ್ದು ಅಷ್ಟೇ.

ಇನ್ನೊಂದು ಅಪಾಯ. ಹವ್ಯಾಸ ಅನ್ನೋದು ಹೆಣ್ಣುಮಕ್ಕಳ ತಲೆ ಮೇಲೆ ಇನ್ನೊಂದು ಕೆಲಸ ಆಗಬಾರದು. "ಹೆಂಗೂ ಕಲ್ತಿದ್ದೀಯಲ್ಲ, ಚಿಕ್ಕವ್ವನ ಸೀರೆಗೂ ಹಾಕ್ಕೊಡು" ಅಂತ ಮೂರನೇ ವಾರಕ್ಕೇ ನಾಲ್ಕು ಸೀರೆ ಬಂದ್ವು. ಅಕ್ಕ ಹಗಲು ಕೆಲಸಕ್ಕೆ ಹೋಗಿ ಬರೋಳು. ನಾವು ಒಂದು ಗೆರೆ ಎಳೆದ್ವಿ: ನಮ್ಮ ಮನೆಯ ಮೂರು ಸೀರೆ, ಅಷ್ಟೇ. ಆ ಗಂಟೇಲಿ ಗಂಡಸರೂ ಕೂರಬೇಕು. ಮದುವೆಗೆ ಹದಿನೈದು ದಿನ ಇರೋವಾಗ ಎಲ್ಲ ನಿಲ್ಲಿಸ್ಬೇಕು, ಉಳಿದದ್ದನ್ನ ದುಡ್ಡು ಕೊಟ್ಟು ಕಟ್ಟಿಸ್ಬೇಕು. ಕೊಟ್ಟಾಗ ಚೌಕಾಸಿ ಮಾಡೋಕೆ ನಮಗೆ ಮನಸ್ಸೇ ಬರಲಿಲ್ಲ. ಒಂದು ಸೀರೆ ಅಂದ್ರೆ ಎಷ್ಟು ಹೊತ್ತಿನ ಕೆಲಸ ಅಂತ ಈಗ ಗೊತ್ತಲ್ಲ.

ಧಾರೆ ದಿನ ಅಕ್ಕ ಉಟ್ಟ ಸೀರೆಯ ಸೆರಗಲ್ಲಿ ಎಡಗಡೆಯಿಂದ ಏಳನೇ ಕುಚ್ಚು ಸ್ವಲ್ಪ ಗಿಡ್ಡ. ಅದು ಅಪ್ಪ ಕಟ್ಟಿದ್ದು. ಕತ್ತರಿಸಿ ಸರಿ ಮಾಡ್ತೀನಿ ಅಂದ್ರೆ ಅಕ್ಕ ಬಿಡಲಿಲ್ಲ.

ನಿಮ್ಮ ಮನೇಲೂ ಮದುವೆ ಇದ್ರೆ ಇವತ್ತು ಸಂಜೆ ಏಳಕ್ಕೆ ಒಂದು ಮೊರ ಅವರೆಕಾಯಿಯಿಂದ ಶುರು ಮಾಡಿ ನೋಡಿ. ಅವರೆ ಕಾಲ ಅಲ್ಲದಿದ್ರೆ ಬೆಳ್ಳುಳ್ಳಿ ಸುಲಿದ್ರೂ ಆಯ್ತು.