ತೊಂಬತ್ತಾರು ಕೊಂಡಿಗಳ ಪಟ್ಟಿ

ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ, ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಬೂದುಬಣ್ಣದ ಚೂರುಗಳನ್ನು ಚಿಮುಟದಿಂದ ಸಾಲಾಗಿ ಇಡುತ್ತ ಕುಳಿತ ವೃದ್ಧರನ್ನು ಕಂಡರೆ, ಅರಿಯದವರು ಇದಾವುದೋ ಹೊಸ ಬಗೆಯ ಪಗಡೆಯಾಟವೆಂದು ಭಾವಿಸಿಯಾರು. ಅವರು ನಮ್ಮ ಮಾವನವರು. ಅವರ ಮುಂದಿರುವುದು ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಬಳಸಿದ ‘ಟೈಗರ್’ ಟ್ಯಾಂಕಿನ ಪ್ಲಾಸ್ಟಿಕ್ ಪ್ರತಿಕೃತಿ. ಮೂಲದ ಮೂವತ್ತೈದನೆಯ ಒಂದು ಪಾಲು.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಸೂಕ್ಷ್ಮ ಅಳತೆಯ ಕೆಲಸ ಮಾಡಿದ ಕೈ ಅವರದು. ಕಳೆದ ವರ್ಷ ಲಘುವಾಗಿ ಪಾರ್ಶ್ವವಾಯು ತಗಲಿ ಬಲಗೈಯ ಬೆರಳುಗಳು ಹೇಳಿದ ಮಾತು ಕೇಳದಾದುವು. ಬೆರಳಿಗೆ ನಾಜೂಕಿನ ಕೆಲಸ ಕೊಡುತ್ತಿರಬೇಕೆಂದು ವೈದ್ಯರು ಹೇಳಿದರು. ನನ್ನ ಹೆಂಡತಿ ಹೂವು ಕಟ್ಟಲು ಹೇಳಿದಳು, ಅವರು ಒಪ್ಪಲಿಲ್ಲ. ಮಗ ಎಂದೋ ವಿದೇಶದಿಂದ ತಂದುಕೊಟ್ಟು, ತೆರೆಯದೆ ಉಳಿದಿದ್ದ ಈ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಂತೆ ಹೇಳಿದರು.

ಈ ಹವ್ಯಾಸಕ್ಕೂ ಒಂದು ಚರಿತ್ರೆಯುಂಟು. ಜಪಾನಿನ ಶಿಜುವೋಕ ನಗರದ ತಾಮಿಯಾ ಸಂಸ್ಥೆ ೧೯೪೬ರಲ್ಲಿ ಮರದ ಉದ್ಯಮವಾಗಿ ಆರಂಭವಾದದ್ದು. ೧೯೬೦ರಲ್ಲಿ ಅದು ಪ್ಲಾಸ್ಟಿಕ್ ಪ್ರತಿಕೃತಿಗಳತ್ತ ಹೊರಳಿತು. ಕೆಲಕಾಲದಲ್ಲೇ ಹೊರಬಂದ ‘ಪ್ಯಾಂಥರ್’ ಟ್ಯಾಂಕಿನ ಒಡಲಲ್ಲಿ ಮೋಟಾರು, ಬ್ಯಾಟರಿ ಹಿಡಿಸಬೇಕಾಗಿತ್ತು. ಅವಕ್ಕೆ ಸಾಲುವಷ್ಟು ಅಗಲವಿಟ್ಟು ಆಮೇಲೆ ಲೆಕ್ಕಹಾಕಿದರೆ ಮೂಲದ ಸುಮಾರು ೧/೩೫ ಆಯಿತು! ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಪ್ರಮಾಣವೇ ಲೋಕದಲ್ಲೆಲ್ಲ ರೂಢಿಯಾಯಿತು.

ಓಡುವ ಆಟಿಕೆಗೆ ರಬ್ಬರಿನಂಥ ಮೆತ್ತನೆಯ ಪಟ್ಟಿಯೇ ತಕ್ಕದ್ದು. ಎರಡು ತುದಿಗಳನ್ನು ಸೇರಿಸಿ, ಕಾಯಿಸಿದ ಸ್ಕ್ರೂಡ್ರೈವರಿನಿಂದ ಒತ್ತಿದರೆ ಮುಗಿಯಿತು. ಆದರೆ ಕಣ್ಣಿಗೆ ಅದು ಒಗ್ಗುವುದಿಲ್ಲ. ಟೈಗರಿನ ದೊಡ್ಡ ಚಕ್ರಗಳು ಒಂದರ ಮೇಲೊಂದು ಹಾಯುವಂತೆ ಜೋಡಣೆಗೊಂಡಿವೆ. ಪಟ್ಟಿಯನ್ನು ಮೇಲೆ ಎತ್ತಿಹಿಡಿಯಲು ಬೇರೆ ಉರುಳೆಗಳಿಲ್ಲ. ಆದ್ದರಿಂದ ಉಕ್ಕಿನ ಪಟ್ಟಿ ತನ್ನ ಭಾರಕ್ಕೆ ತಾನೇ ಜೋತು ಚಕ್ರಗಳ ಮೇಲೆ ಒರಗುತ್ತದೆ. ರಬ್ಬರಿಗೆ ಆ ಭಾರವೆಲ್ಲಿಯದು? ಅದು ಬಿಗಿದು ನಿಲ್ಲುತ್ತದೆ. ಈ ಜೋಲನ್ನು ತರುವುದಕ್ಕಾಗಿಯೇ ಕೊಂಡಿಗಳನ್ನು ಬಿಡಿಬಿಡಿಯಾಗಿ ಕೊಡುವ ಪದ್ಧತಿ ಬಂದದ್ದು. ಅಂಟಿಲ್ಲದೆ ಕಚ್ಚಿಕೊಳ್ಳುವ ಕೊಂಡಿಗಳೂ, ತಂತಿಯಿಂದ ಪೋಣಿಸುವ ಲೋಹದ ಕೊಂಡಿಗಳೂ ಈಗ ದೊರೆಯುತ್ತವೆ. ಮಾವನವರ ಪೆಟ್ಟಿಗೆಯಲ್ಲಿದ್ದುವು ಅಂಟಿಸುವಂಥವು.

ಟೈಗರಿಗೆ ಒಂದೊಂದು ಬದಿಗೆ ೯೬ ಕೊಂಡಿಗಳು. ಮೂಲದಲ್ಲಿ ಪ್ರತಿ ಕೊಂಡಿಯ ಹೆಜ್ಜೆ ೧೩೦ ಮಿಲಿಮೀಟರು. ಪ್ರತಿಕೃತಿಯಲ್ಲಿ ಸುಮಾರು ೩.೭. ಚೌಕಟ್ಟಿನಿಂದ ಕತ್ತರಿಸಿದಾಗ ಉಳಿಯುವ ಮೊಳೆಯನ್ನು ಅರದಿಂದ ಉಜ್ಜಿ ತೆಗೆಯಬೇಕು. ಕೊಂಡಿಯೊಂದಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಉಳಿದರೂ ೯೬ಕ್ಕೆ ಅದು ೯.೬ ಮಿಲಿಮೀಟರಾಗುತ್ತದೆ, ಎಂದರೆ ಎರಡೂವರೆ ಕೊಂಡಿಗೂ ಮಿಕ್ಕ ಉದ್ದ!

ಆದದ್ದೂ ಹಾಗೆಯೇ. ಮೊದಲ ಇಪ್ಪತ್ತು ಕೊಂಡಿಗಳನ್ನು ಅಂಟು ಹಾಕದೆ ಅಳತೆಪಟ್ಟಿಯ ಅಂಚಿಗೆ ಸಾಲಿಟ್ಟು ನೋಡಿದರು. ೭೪ ಮಿಲಿಮೀಟರು ಬರಬೇಕಾದಲ್ಲಿ ೭೬ ಬಂದಿತ್ತು. ತಪ್ಪು ಅವರ ಕಣ್ಣಿಗೆ ತಿಳಿಯಿತು. ಅರ ಹಿಡಿದ ಕೈ ಮಾತ್ರ ನಡುಗಿತು. ಎರಡು ದಿನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ನಾನು ಉಜ್ಜಿಕೊಡುತ್ತೇನೆಂದೆ.

“ಅಳಿಯಂದಿರೇ, ನೀವು ಉಜ್ಜಿದರೆ ಅದು ನಿಮ್ಮ ಟ್ಯಾಂಕು,” ಎಂದರು.

ಮೂರನೆಯ ದಿನ ಅರವನ್ನೇ ಮೇಜಿಗೆ ಬಿಗಿದು ಕುಳಿತಿದ್ದರು. ಅರ ಅಲುಗದು, ಕೊಂಡಿಯನ್ನು ಬೆರಳುಗಳಲ್ಲಿ ಹಿಡಿದು ಅದರ ಮೇಲೆ ಮೆಲ್ಲನೆ ಎಳೆಯುವುದು. ಬೆರಳು ನಡುಗಿದರೂ ಅರದ ಮಟ್ಟ ತಪ್ಪುವುದಿಲ್ಲ. ಕಾರ್ಖಾನೆಯ ಜಾಣ್ಮೆ ಎಂದರೆ ಇದು. ನನ್ನಂಥ ಪಾಠ ಹೇಳುವವನಿಗೆ ಹೊಳೆಯುತ್ತಿರಲಿಲ್ಲ.

ಅಂಟಿನ ಘಟ್ಟದಲ್ಲಿ ವೇಳೆಯ ಲೆಕ್ಕ ಮುಖ್ಯ. ದ್ರವರೂಪದ ಈ ಅಂಟು ಪ್ಲಾಸ್ಟಿಕನ್ನೇ ಕರಗಿಸಿ ಬೆಸೆಯುತ್ತದೆ. ಸಾಲು ತುಸು ಗಟ್ಟಿಯಾಗಿ, ಇನ್ನೂ ಬಾಗುವಂತಿರುವಾಗಲೇ ಚಕ್ರಗಳ ಸುತ್ತ ಸುತ್ತಿ, ಹಲ್ಲುಚಕ್ರಕ್ಕೆ ಕಚ್ಚಿಸಿ, ಮೇಲಿನಿಂದ ಹತ್ತಿಯುಂಡೆ ಒತ್ತಿ ಜೋಲು ಬರಿಸಬೇಕು. ಬೇಗನೆ ಎತ್ತಿದರೆ ಸಾಲು ಕಳಚುತ್ತದೆ, ತಡಮಾಡಿದರೆ ಮುರಿಯುತ್ತದೆ.

ಜನರನ್ನು ಕೊಲ್ಲುವ ಯಂತ್ರ ಮನೆಯಲ್ಲೇಕೆಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಮಾವನವರು ವಾದಿಸಲಿಲ್ಲ. ಈ ಟ್ಯಾಂಕನ್ನು ರೈಲಿಗೇರಿಸುವಾಗ ೭೨.೫ ಸೆಂಟಿಮೀಟರು ಅಗಲದ ಪಟ್ಟಿ ಹೆಚ್ಚಾಗುತ್ತಿದ್ದುದರಿಂದ, ಅದನ್ನು ಕಳಚಿ ೫೨ ಸೆಂಟಿಮೀಟರಿನದನ್ನು ಹಾಕಿ, ಇಳಿದಮೇಲೆ ಮತ್ತೆ ಬದಲಿಸಬೇಕಾಗಿತ್ತಂತೆ. “ಆ ಹುಡುಗರ ಕೈ ಏನಾಗಿರಬೇಕು, ಹೇಳಮ್ಮ,” ಎಂದಷ್ಟೇ ಅಂದರು.

ಎಡಬದಿಯ ಪಟ್ಟಿ ಸಿದ್ಧವಾಗಿ ಚಕ್ರಗಳ ಮೇಲೆ ಜೋತು ಕುಳಿತಿದೆ. ಬಲಬದಿಗೆ ಇನ್ನು ೪೧ ಕೊಂಡಿಗಳನ್ನು ಉಜ್ಜಬೇಕು. ಮೇಜು ತೆರವಾಗುವವರೆಗೆ ನಮ್ಮೆಲ್ಲರ ಊಟ ಅಡುಗೆಮನೆಯ ನೆಲದ ಮೇಲೆಯೇ.