ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ಹೊಟ್ಟೆನೋವಿಗೆ ಕಾರಣವೇ?

ಹೊಟ್ಟೆನೋವಿನ ಮೂಲ ಹುಡುಕಲು ಮಾಡಿಸಿದ ಸ್ಕ್ಯಾನ್‌ನಲ್ಲಿ ನೋವಿಗೆ ಸಂಬಂಧವೇ ಇಲ್ಲದ ಸಂಗತಿಗಳೂ ಕಾಣುತ್ತವೆ. ಇವು ಆಕಸ್ಮಿಕ ಪತ್ತೆಗಳು. ವರದಿ ಗಂಗಾವತಿ, ಕುಷ್ಟಗಿ, ಯಲಬುರ್ಗಾದ್ದಿರಲಿ, ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದಿರಲಿ, ಪದೇ ಪದೇ ಎದುರಾಗುವ ಪದಗಳು ಇವು: ಫ್ಯಾಟಿ ಲಿವರ್, ಮೂತ್ರಪಿಂಡದ ಸಿಂಪಲ್ ಸಿಸ್ಟ್, ಪಿತ್ತಕೋಶದ ಕಲ್ಲು.

ಫ್ಯಾಟಿ ಲಿವರ್ ನೋವು ಕೊಡುವುದು ಅಪರೂಪ. ಆದರೆ ತೂಕ, ರಕ್ತದ ಸಕ್ಕರೆ ನೋಡಿಕೊಳ್ಳಲು ಅದು ಸೂಚನೆ. 50 ವರ್ಷ ದಾಟಿದವರಲ್ಲಿ ಸಿಂಪಲ್ ಸಿಸ್ಟ್ ಬಹಳ ಸಾಮಾನ್ಯ. ತೆಳುಗೋಡೆಯ, ಬರೀ ನೀರು ತುಂಬಿದ ಆ ಗುಳ್ಳೆ ಕ್ಯಾನ್ಸರ್ ಅಲ್ಲ.

ಹೆಚ್ಚು ಗೊಂದಲ ಪಿತ್ತಕಲ್ಲಿನದು. ಕಲ್ಲಿರುವ ಬಹುಪಾಲು ಜನರಿಗೆ ಅದರಿಂದ ತೊಂದರೆಯೇ ಆಗುವುದಿಲ್ಲ. ಕಲ್ಲಿನ ನೋವು ಮೇಲ್ಹೊಟ್ಟೆಯಲ್ಲೋ ಬಲ ಪಕ್ಕೆಯ ಕೆಳಗೋ, ಹೆಚ್ಚಾಗಿ ಊಟದ ನಂತರ ಏರಿ, ಅರ್ಧ ಗಂಟೆಗೂ ಮೀರಿ ನಿಂತು, ಬೆನ್ನಿಗೆ ಅಥವಾ ಬಲ ಭುಜಕ್ಕೆ ಹರಡುತ್ತದೆ. ಬರೀ ಎದೆಯುರಿಗೆ, ಗ್ಯಾಸಿಗೆ ಪಿತ್ತಕೋಶ ತೆಗೆಸಿದರೆ ನೋವು ಹಾಗೆಯೇ ಉಳಿಯಬಹುದು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆ: ಈ ನೋವು ಈ ಕಲ್ಲಿನದೇ?

ಗಟ್ಟಿ ಗಡ್ಡೆ, ದಪ್ಪಗೋಡೆಯ ಸಿಸ್ಟ್, ಹಿಗ್ಗಿದ ಪಿತ್ತನಾಳ ಎಂದು ಬರೆದಿದ್ದರೆ ಮುಂದಿನ ಪರೀಕ್ಷೆ ತಪ್ಪಿಸಬಾರದು. ನೋವಿನ ಜೊತೆ ಜ್ವರ, ಕಾಮಾಲೆ, ನಿಲ್ಲದ ವಾಂತಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಳೆಯ ವರದಿಗಳನ್ನು ಜೋಪಾನವಾಗಿಡಬೇಕು. ಗಡ್ಡೆಯ ಅಥವಾ ಸಿಸ್ಟ್‌ನ ಗಾತ್ರ ಬೆಳೆದಿದೆಯೇ ಎಂಬುದು ಹೋಲಿಸಿದಾಗಲೇ ತಿಳಿಯುತ್ತದೆ.