ಆಟದ ಕಾರಿಗೆ ಕಾಲಿಡುವ ಮಗು

ಒಂದೂವರೆ ವರ್ಷದ ಮಗು ಅಂಗೈಯಗಲದ ಆಟದ ಕಾರಿನ ಬಾಗಿಲು ತೆಗೆದು ಅದರೊಳಕ್ಕೆ ಕಾಲು ತೂರಿಸಲು ನೋಡುತ್ತದೆ. ಹಿಡಿಸುವುದಿಲ್ಲ. ಮುಖ ಗಂಟಿಕ್ಕಿ ಮತ್ತೊಮ್ಮೆ ತೂರಿಸುತ್ತದೆ. ಮನೆಯವರು ನಕ್ಕು, ಮೊಬೈಲಿನಲ್ಲಿ ವಿಡಿಯೊ ಮಾಡಿ ಊರಿನ ಅಜ್ಜಿಗೆ ಕಳಿಸುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜೂಡಿ ಡೆಲೋಚ್ ಮತ್ತು ಸಂಗಡಿಗರು ಇದೇ ಚೇಷ್ಟೆಯ ಬೆನ್ನು ಹತ್ತಿ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು.

ಅವರು 18ರಿಂದ 30 ತಿಂಗಳ ಮಕ್ಕಳನ್ನು ಒಂದು ಕೋಣೆಯಲ್ಲಿ ಆಡಲು ಬಿಟ್ಟರು. ಮಕ್ಕಳು ಹತ್ತಿ ಜಾರುವಂಥ ಜಾರುಬಂಡೆ, ಕೂರುವಂಥ ಕುರ್ಚಿ, ಒಳಗೆ ಕುಳಿತು ಓಡಿಸುವಂಥ ಕಾರು ಅಲ್ಲಿದ್ದವು. ಸ್ವಲ್ಪ ಹೊತ್ತಿನ ಮೇಲೆ ಮಕ್ಕಳನ್ನು ಹೊರಗೆ ಕರೆದೊಯ್ದು, ಮೂರನ್ನೂ ತೆಗೆದು, ಅವುಗಳಂತೆಯೇ ಇರುವ ಪುಟಾಣಿ ಆಟಿಕೆಗಳನ್ನು ಇಟ್ಟರು. ಮರಳಿ ಬಂದವರಲ್ಲಿ ಹಲವರು ಪುಟ್ಟ ಕುರ್ಚಿಯ ಮೇಲೆ ಕೂರಲು, ಪುಟ್ಟ ಜಾರುಬಂಡೆಯಿಂದ ಜಾರಲು ಮನಸಾರೆ ಪ್ರಯತ್ನಪಟ್ಟರು. ಅದು ನಟನೆಯಾಗಿರಲಿಲ್ಲ.

ಇದಕ್ಕೆ ಅವರು ಕೊಟ್ಟ ವಿವರಣೆ ಸೊಗಸಾಗಿದೆ. ಕಂಡ ವಸ್ತು ಏನೆಂದು ಗುರುತಿಸಲು ಮಿದುಳಿನಲ್ಲಿ ಒಂದು ದಾರಿಯಿದೆ. ಅದರ ಗಾತ್ರ, ದೂರಗಳನ್ನು ಅಳೆದು ಕೈಕಾಲು ಆಡಿಸಲು ಇನ್ನೊಂದು. ‘ಕಾರು’ ಎಂದು ಗುರುತಾದೊಡನೆ ಹತ್ತಿ ಕೂರುವ ಸಿದ್ಧತೆ ಶುರುವಾಗುತ್ತದೆ. ಗಾತ್ರ ಚಿಕ್ಕದೆಂಬ ಅರಿವು ಬಂದು ಅದನ್ನು ತಡೆಯಬೇಕು. ತಡೆಯುವ ಆ ಶಕ್ತಿ ಈ ವಯಸ್ಸಿನಲ್ಲಿ ಇನ್ನೂ ಎಳೆಯದು. ನನಗೆ ಬಹಳ ಹಿಡಿಸಿದ ಸಂಗತಿ ಮುಂದಿನದು: ಮಗುವಿನ ಪಾದ ಆ ಪುಟ್ಟ ಬಾಗಿಲಿಗೇ ಸರಿಯಾಗಿ ಗುರಿಯಿಟ್ಟು ಹೋಗುತ್ತದೆ. ಬಾಗಿಲು ಚಿಕ್ಕದೆಂಬುದು ಕಾಲಿಗೆ ಗೊತ್ತು, ನಿರ್ಧಾರಕ್ಕೆ ಗೊತ್ತಿಲ್ಲ! ಇದನ್ನು ಓದಿದ ಮೇಲೆ ನನ್ನ ಮಗಳು ಬೊಂಬೆಯ ಮಂಚದ ಮೇಲೆ ತಾಚಿ ಮಾಡಲು ಹೊರಟಾಗ ನಾನು ಉಸಿರು ಬಿಗಿಹಿಡಿದು ನೋಡುತ್ತೇನೆ. ಎರಡು ದಾರಿಗಳು ಇನ್ನೂ ಕೂಡದ ಮಿದುಳನ್ನು ಕಣ್ಣಾರೆ ಕಾಣುವ ಅವಕಾಶ ಕೆಲವೇ ತಿಂಗಳು ಇರುತ್ತದೆ.

ನಡಿಗೆಯ ಕತೆ ಇನ್ನೂ ದೊಡ್ಡದು. ಮಗು ಹೊಸಿಲು ದಾಟಿದರೆ ನಮ್ಮ ಮನೆಗಳಲ್ಲಿ ಹೊಸಿಲಿಗೆ ಪೂಜೆ ಮಾಡಿ ಸಿಹಿ ಹಂಚುತ್ತಾರೆ. ಮೊದಲ ಹೆಜ್ಜೆಯ ದಿನ ಎಲ್ಲರಿಗೂ ಫೋನು ಹೋಗುತ್ತದೆ. ಆಮೇಲಿನ ಹೆಜ್ಜೆಗಳನ್ನು ಯಾರೂ ಎಣಿಸುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಎಣಿಸಿದರು. 12ರಿಂದ 19 ತಿಂಗಳ ಮಕ್ಕಳು ಆಟದ ಕೋಣೆಯಲ್ಲಿ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು, 701 ಮೀಟರ್ ನಡೆದು, 17 ಸಲ ಬಿದ್ದರೆಂದು ಅವರ ತಂಡ 2012ರಲ್ಲಿ ವರದಿ ಮಾಡಿತು. ದೊಡ್ಡವರು ಗಂಟೆಗೆ 17 ಸಲ ಬಿದ್ದರೆ ಆ ಕೆಲಸವನ್ನು ಅಂದೇ ಕೈಬಿಡುತ್ತಾರೆ. ಅಂಬೆಗಾಲಿನಲ್ಲಿ ಅಷ್ಟು ಚುರುಕಾಗಿದ್ದ ಮಗು ಅದನ್ನು ಬಿಟ್ಟು ಈ ತಡವರಿಸುವ ನಡಿಗೆಯನ್ನೇಕೆ ಆರಿಸಿಕೊಳ್ಳುತ್ತದೆ? ಉತ್ತರ ಅದೇ ಅಧ್ಯಯನದಲ್ಲಿದೆ. ಹೊಸದಾಗಿ ನಡೆಯುವ ಮಗು ಹೆಚ್ಚು ಓಡಾಡುತ್ತದೆ, ಹೆಚ್ಚು ದೂರ ಹೋಗುತ್ತದೆ. ಆ ಓಡಾಟದ ಲೆಕ್ಕ ಹಿಡಿದರೆ ಪಳಗಿದ ಅಂಬೆಗಾಲಿನ ಮಗುವಿಗಿಂತ ಅದು ಹೆಚ್ಚೇನೂ ಬೀಳುವುದಿಲ್ಲ.

ಅಡಾಲ್ಫ್ ಅವರದೇ ಇನ್ನೊಂದು ಪ್ರಯೋಗದಲ್ಲಿ ಮಕ್ಕಳ ಮುಂದೆ ಇಳಿಜಾರಿನ ಹಲಗೆಗಳನ್ನಿಟ್ಟಿದ್ದರು. ಅಂಬೆಗಾಲಿಡುವ ಮಗು ಹಲವು ವಾರಗಳಲ್ಲಿ ಯಾವ ಇಳಿಜಾರು ಅಪಾಯವೆಂದು ಕಲಿತು, ಅಂಚಿನಲ್ಲೇ ನಿಲ್ಲುತ್ತಿತ್ತು. ಅದೇ ಮಗು ಎದ್ದು ನಡೆಯಲು ಕಲಿತ ಮೇಲೆ ಕಡಿದಾದ ಇಳಿಜಾರಿಗೆ ನೇರ ಕಾಲಿಟ್ಟಿತು, ಪಕ್ಕದಲ್ಲಿದ್ದವರು ಹಿಡಿದುಕೊಳ್ಳಬೇಕಾಯಿತು. ಅಂಬೆಗಾಲಿನ ಪಾಠ ನಡಿಗೆಗೆ ಸಲ್ಲಲಿಲ್ಲ. ಆದ್ದರಿಂದ, ಮಂಚದ ಅಂಚಿನಲ್ಲಿ ಎಚ್ಚರ ಕಲಿತಿದ್ದ ಮಗು ನಡೆಯತೊಡಗಿದ ಮೇಲೆ ಮೆಟ್ಟಿಲ ಬಳಿ ಒಂದು ಕಣ್ಣು ಹೆಚ್ಚೇ ಇರಲಿ.

‘ಪಕ್ಕದ ಮನೆ ಕೂಸು ಹತ್ತು ತಿಂಗಳಿಗೇ ನಡೀತಂತೆ’ ಎಂಬ ಮಾತಿಗೆ ಕಳವಳಪಡುವ ತಾಯಂದಿರು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬಹುದು. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳಲ್ಲಿ ಒಂಟಿಯಾಗಿ ನಡೆಯತೊಡಗುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿತ್ತು. ನೂರರಲ್ಲಿ ನಾಲ್ಕು ಮಕ್ಕಳು ಕೈ-ಮಂಡಿಯೂರಿ ಅಂಬೆಗಾಲಿಡದೆಯೇ ಮುಂದೆ ಸಾಗಿದ್ದವು. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಗುಡಿಸಿದ ಕಸವನ್ನು ಪೊರಕೆ ಹಿಡಿದು ಮತ್ತೆ ಹರಡುವ ಮಗುವಿಗೆ ‘ಹೋಗು, ಆಮೇಲೆ ಬಾ’ ಎನ್ನುವ ಮುಂಚೆ ಒಂದು ವಿಷಯ ತಿಳಿದಿರಲಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 18 ತಿಂಗಳ ಮಕ್ಕಳ ಎದುರು ಬಟ್ಟೆ ಒಣಹಾಕುವ ಕ್ಲಿಪ್ಪು ಕೈಜಾರಿ ಬೀಳುವಂತೆ ಮಾಡಿದರು. ಕ್ಲಿಪ್ಪಿಗಾಗಿ ಅಪರಿಚಿತನೊಬ್ಬ ಕೈಚಾಚಿ ಒದ್ದಾಡುವುದನ್ನು ಕಂಡು, ಯಾರೂ ಹೇಳದೆ, ಮಕ್ಕಳು ಎತ್ತಿಕೊಟ್ಟರು. ಬೇಕೆಂದೇ ಎಸೆದಾಗ ಹಾಗೆ ಎತ್ತಿಕೊಡಲು ಹೋಗಲಿಲ್ಲ. 2008ರ ಅವರ ಇನ್ನೊಂದು ಪ್ರಯೋಗದಲ್ಲಿ, ಸಹಾಯಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು ಮುಂದೆ ಸಹಾಯ ಮಾಡಿದ್ದು ಕಡಿಮೆ. ಚಾಕೊಲೇಟು ಕೊಟ್ಟು ಮಕ್ಕಳಿಂದ ಕೆಲಸ ಮಾಡಿಸುವ ನಮ್ಮ ರೂಢಿಯನ್ನು ಇಲ್ಲಿ ಒಮ್ಮೆ ಯೋಚಿಸಬೇಕು.

ಮಕ್ಕಳ ಬೆಳವಣಿಗೆಯ ವಿಜ್ಞಾನದ ಆರಂಭದ ಪುಟಗಳಲ್ಲಿ ಹಲವು ತಂದೆ-ತಾಯಿಯ ಟಿಪ್ಪಣಿಗಳು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತಮ್ಮ ಮೊದಲ ಮಗ ವಿಲಿಯಂನ ದಿನಚರಿ ಬರೆದಿಟ್ಟು, 1877ರಲ್ಲಿ ಅದನ್ನು ‘ಮೈಂಡ್’ ಪತ್ರಿಕೆಗೆ ಕೊಟ್ಟರು. ವರ್ಷ ತುಂಬಿದಾಗ ಆ ಕೂಸು ಊಟಕ್ಕೆ ‘ಮಮ್’ ಎಂಬ ಪದವನ್ನು ತಾನೇ ಕಟ್ಟಿಕೊಂಡಿತ್ತಂತೆ. ಎರಡೂವರೆ ವರ್ಷ ದಾಟಿದಾಗ ಸಕ್ಕರೆ ಕದ್ದು ತಿಂದು ಹೊರಬಂದ ಅವನ ಕಣ್ಣುಗಳ ವಿಚಿತ್ರ ಹೊಳಪನ್ನೂ ಡಾರ್ವಿನ್ ಬರೆದುಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನು ನೋಡುತ್ತಲೇ ಸಿದ್ಧಾಂತ ಕಟ್ಟಿದರು. ಹತ್ತು ತಿಂಗಳ ಲೊರಾನ್ ಅಂಗಾತ ಮಲಗಿ, ಆಟದ ಹಂಸ, ಡಬ್ಬಿ ಎಂದು ಒಂದೊಂದನ್ನೇ ತೋಳು ಚಾಚಿ ಬೀಳಿಸುತ್ತಿದ್ದ. ಪ್ರತಿ ಸಲವೂ ಬೀಳಿಸುವ ಜಾಗ ಬದಲಿಸುತ್ತಿದ್ದ. ಚಮಚವನ್ನು ಹತ್ತಾರು ಸಲ ಕೆಳಗೆ ಹಾಕಿ ನೋಡುವ ನಮ್ಮ ಕೂಸುಗಳೂ ಅದೇ ಪರೀಕ್ಷೆಯಲ್ಲಿ ತೊಡಗಿರುತ್ತವೆ.

ಈ ಯಾವುದೂ ಮಗುವಿಗೆ ಮುಂದೆ ನೆನಪಿರುವುದಿಲ್ಲ. ದೊಡ್ಡವರ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರೂವರೆ ವರ್ಷದ ಆಸುಪಾಸಿನದು. ಟೊರಾಂಟೊದ ಶೀನಾ ಜೊಸೆಲಿನ್ ಮತ್ತು ಪಾಲ್ ಫ್ರಾಂಕ್‌ಲ್ಯಾಂಡ್ ತಂಡ 2014ರಲ್ಲಿ ಇಲಿಮರಿಗಳಲ್ಲಿ ಇದಕ್ಕೊಂದು ಕಾರಣ ತೋರಿಸಿತು. ಎಳವೆಯಲ್ಲಿ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟಿ ಜಾಲಕ್ಕೆ ಸೇರುತ್ತವೆ; ಆ ಸೇರ್ಪಡೆಯಲ್ಲೇ ಹಳೆಯ ನೆನಪಿನ ಜೋಡಣೆಗಳು ಕಲಕಿಹೋಗುತ್ತವೆ. ಹೊಸ ಕೋಶಗಳ ಹುಟ್ಟನ್ನು ಕಡಿಮೆ ಮಾಡಿದಾಗ ಮರಿಗಳ ನೆನಪು ಹೆಚ್ಚು ಕಾಲ ಉಳಿಯಿತು. ಮನುಷ್ಯರಲ್ಲೂ ಹೀಗೆಯೇ ಆದರೆ, ಕಲಿಯುತ್ತ ಬೆಳೆಯುವ ಭರವೇ ಮಗುವಿನ ನೆನಪನ್ನು ಅಳಿಸುತ್ತದೆ.

ಆದರೆ ನೆನಪು ಶುರುವಾಗುವ ಗಡಿ ಎಲ್ಲರಿಗೂ ಒಂದೇ ಅಲ್ಲ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯುರೋಪ್ ಮೂಲದವರ ಮೊದಲ ನೆನಪು ಸರಾಸರಿ 43 ತಿಂಗಳಿನದಾದರೆ, ಹಿರಿಯರ ಕತೆಗಳನ್ನು ಹೇಳಿಕೊಳ್ಳುವ ಗಟ್ಟಿ ಪರಂಪರೆಯ ಮಾವೊರಿ ಜನರದು 33 ತಿಂಗಳಿನದು. ಅದೇ ದೇಶದಲ್ಲಿ 2009ರಲ್ಲಿ ಬಂದ ಮತ್ತೊಂದು ಅಧ್ಯಯನ ತಾಯಿ-ಮಗುವಿನ ಮಾತುಕತೆಯನ್ನೇ ಹಿಡಿದು ನೋಡಿತು. ‘ತೇರಿಗೆ ಹೋಗಿದ್ವಲ್ಲ, ಅಲ್ಲಿ ಏನೇನು ನೋಡಿದೆ ಪುಟ್ಟಿ? ನಿನ್ನ ಬಲೂನು ಆಮೇಲೆ ಏನಾಯ್ತು?’ ಎಂಬಂತೆ ಕೇಳುತ್ತ, ಮಗು ಹೇಳಿದ್ದಕ್ಕೆ ಇನ್ನಷ್ಟು ಸೇರಿಸುತ್ತ ಮಾತನಾಡಿದ ತಾಯಂದಿರ ಮಕ್ಕಳು ಹದಿಹರೆಯಕ್ಕೆ ಬಂದಾಗ, ಬೇರೆಯವರಿಗಿಂತ ಹೆಚ್ಚು ಹಿಂದಿನ ಬಾಲ್ಯವನ್ನು ನೆನಪಿಸಿಕೊಂಡರು.